ಮೂರೂವರೆ ಎಕರೆ, ಲ್ಯಾಂಕಾಸ್ಟರ್ ಕೌಂಟಿ

ಲೊರೇನ್ ಬೀಗ ತೆಗೆದು ಅಡುಗೆಮನೆ ತೋರಿಸುವಾಗ
ನಾನು ಕಿಟಕಿಯಲ್ಲಿ ನಿಂತು ಎಣಿಸುತ್ತಿದ್ದೆ:
ಹದಿನಾಲ್ಕು ಸೈಲೋ, ಬಟ್ಟೆ ಹರವಿದ ಆರು ತಂತಿ,
ಒಂದು ಶಾಲೆ, ಒಂದು ಹಾಲಿನ ಲಾರಿ,
ಬೇಲಿಯಾಚೆ ನಿಂತು
ನಮ್ಮನ್ನೇ ಎಣಿಸುತ್ತಿದ್ದ ಒಬ್ಬ ಹುಡುಗ.

ಗ್ಯಾರೆಟ್‌ನ ಮುಖ ಇಳಿಯಿತು.
ಜೇಬಿನಲ್ಲಿ ಮಡಚಿ ಮಡಚಿ ಸವೆದ ಪಟ್ಟಿಯಿತ್ತಲ್ಲ,
ಅದರ ಮೊದಲ ಸಾಲು ಅವನದು:
ಕೂಗಿದರೆ ಯಾರಿಗೂ ಕೇಳಬಾರದು.
ಎರಡನೆಯದೂ ಅವನದೇ:
ರಾತ್ರಿ ಪರರ ದೀಪ ಕಾಣಬಾರದು.
ಮೂರನೆಯದು ನಾನು ಬರೆದದ್ದು:
ಸೂಲಗಿತ್ತಿ ಗಂಟೆಯೊಳಗೆ ಬಂದು ಮುಟ್ಟಬೇಕು.
ಒಂದೇ ಹಾಳೆಯಲ್ಲಿ ಎರಡು ಊರು
ಬರೆದುಕೊಂಡಿದ್ದೆವು. ತಿಳಿದಿರಲಿಲ್ಲ.

ಬೆಲೆ ಕೇಳಿ ಅವನು ನಕ್ಕ.
ಇಷ್ಟು ದುಡ್ಡಿಗೆ ಮೊಂಟಾನಾದಲ್ಲಿ ಗುಡ್ಡವೇ ಬರುತ್ತದೆ,
ಅದರ ನೆರಳು ಪುಕ್ಕಟೆ.
ನಕ್ಕವನೇ ಹೋಗಿ ಗುದ್ದಲಿ ಹಾಕಿದ.
ಮೊಣಕಾಲಾಳಕ್ಕೂ ಒಂದು ಕಲ್ಲು ಸಿಗಲಿಲ್ಲ.
ಹಿಡಿದರೆ ಉಂಡೆ, ಬೆರಳೊತ್ತಿದರೆ ಪುಡಿ,
ತಲೆತಲಾಂತರದ ಸಗಣಿ ಉಂಡು ಕೊಬ್ಬಿದ ಕಂದು ಮಣ್ಣು.
ಅವನು ಅದನ್ನು ಮೂಸಿದ,
ಯಾರೂ ನೋಡುತ್ತಿಲ್ಲವೆಂದು ನಾಲಗೆಗೂ ಇಟ್ಟ.
ನೋಡುತ್ತಿದ್ದರು. ಬೇಲಿಯ ಹುಡುಗ, ಬೇಲಿಯ ಹುಡುಗನ ನಾಯಿ.
ಬೆಲ್ಲ ಬೇಕು, ಇರುವೆ ಬೇಡ
ಅಂದರೆ ಹೇಗೆ, ಗ್ಯಾರೆಟ್?

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ,
ನಾನು ಬಾವಿಗೆ ಹೋದೆ.
ನಲವತ್ತು ಅಡಿ. ತಿಳಿ ನೀರು, ತಂಪು,
ಕನ್ನಡಿಯ ಹಾಗೆ ಮಾತಾಡದ ನೀರು.
ಪರೀಕ್ಷೆಯ ಕಾಗದವನ್ನು ಲೊರೇನ್ ಕಡೆಗೆ ತೆಗೆದಳು:
ನೈಟ್ರೇಟ್, ಮಿತಿಗಿಂತ ಕೂದಲೆಳೆ ಕೆಳಗೆ,
ಅದೂ ಹೋದ ವರ್ಷದ್ದು.
ಮೇಲೆ ಮಣ್ಣಿಗೆ ವರವಾದದ್ದೇ
ಸದ್ದಿಲ್ಲದೆ ಇಳಿದು ಕೆಳಗೆ ಕೂತಿದೆ.

ಇನ್ನೊಂದು ಕಾಗದ: ಕೋಳಿ ಇಪ್ಪತ್ತೈದರವರೆಗೆ,
ಆಡು ಎರಡು, ಹುಂಜ ಕೂಡದು.
ಬೆಳಗು ಇಲ್ಲಿ ಆಗಲೇ ಬೇರೆಯವರ ಹುಂಜಗಳ ಪಾಲು.

ಸಂಜೆಯವರೆಗೂ ಕಾದೆವು, ಕತ್ತಲೆ ನೋಡಲೆಂದು.
ಪೂರ್ವಕ್ಕೆ ಮಾಲ್‌ನ ಕಿತ್ತಳೆ ಮಬ್ಬು,
ಪಶ್ಚಿಮಕ್ಕೆ ಆಮಿಶ್ ಮನೆಗಳು, ತಂತಿಯೇ ಇಲ್ಲದವು,
ಒಂದೊಂದು ಕಿಟಕಿಯಲ್ಲಿ ಒಂದು ಲಾಟೀನು,
ಒಂಬತ್ತಾಗುವ ಮೊದಲೇ ಅದೂ ಇಲ್ಲ.
ಎರಡನೆಯ ಸಾಲು ಅರ್ಧ ಈಡೇರಿತ್ತು.
ಪಶ್ಚಿಮದ ಕಡೆ ಮುಖ ಮಾಡಿ ಬದುಕಬಹುದು
ಅಂದೆ. ಅವನು ಉತ್ತರಿಸಲಿಲ್ಲ.

ಹೊರಟಾಗ ಚಕ್ರ ಹೂತಿತು.
ಮಾರ್ಚಿಯ ಕೆಸರು, ಅಚ್ಚಿನವರೆಗೆ.
ಗ್ಯಾರೆಟ್ ಇಳಿದು ಬಾಗಿಲು ಹಾಕುವಷ್ಟರಲ್ಲಿ
ಕೊಟ್ಟಿಗೆಯಿಂದ ನಾಲ್ಕು ಹೇಸರಗತ್ತೆ ಬಿಚ್ಚಿಕೊಂಡು
ಏಲಮ್ ಬೈಲರ್ ಬಂದ,
ಹಲಗೆ ಹೊತ್ತು ಅವನ ತಾಯಿ,
ತಾನಾಗಿ ನಿಂತ ಹಾಲಿನ ಲಾರಿಯವನು,
ನಮಗೆ ತಿಳಿಯದ ಭಾಷೆಯಲ್ಲಿ
ಬುದ್ಧಿ ಹೇಳುತ್ತ ಅದೇ ಹುಡುಗ.
ಸರಪಳಿ, ಒಂದು ಹೂಂಕಾರ,
ಪಚಕ್ಕನೆ ಹೊರಬಂತು ಗಾಡಿ.

ಯಾರು, ಯಾವ ಊರು, ಒಂದೂ ಕೇಳಲಿಲ್ಲ ಏಲಮ್.
ಸರಪಳಿ ಸುತ್ತುತ್ತ ಅಂದ:
ಆ ಬಾವಿ ಬೇಡ, ಮಗು ಗಿಗು ಇದ್ದರೆ.
ನಮ್ಮದು ನೂರೆಂಬತ್ತು ಅಡಿ. ಬಂದು ತುಂಬಿಕೊಳ್ಳಿ.
ನನ್ನ ಕೋಟಿನ ಕೊನೆಯ ಗುಂಡಿ
ಈಚೆಗೆ ಹತ್ತುವುದಿಲ್ಲ.
ಅದನ್ನು ಅವನು ನೋಡಲಿಲ್ಲ,
ನೋಡದವನ ಹಾಗೆ ಹೇಸರಗತ್ತೆಯ ಕಿವಿ ತುರಿಸಿದ.
ಲೊರೇನ್‌ಗೆ ಆ ಹೊತ್ತಿಗೆ ಫೋನ್ ಬಂದಿತ್ತು.

ಮೂರು ಮೈಲಿ ಮಾತಿಲ್ಲ.
ಆಮೇಲೆ ಗ್ಯಾರೆಟ್:
ಇಲ್ಲಿ ನೆಮ್ಮದಿಯಾಗಿ
ಒಬ್ಬನೇ ಹೂತುಕೊಳ್ಳಲೂ ಬಿಡುವುದಿಲ್ಲ ಇವರು.
ದೂರೋ, ಒಪ್ಪಿಗೆಯೋ, ಕತ್ತಲಲ್ಲಿ
ಮುಖ ಕಾಣಲಿಲ್ಲ.

ಅವನ ಜೇಬಿನಿಂದ ಪಟ್ಟಿ ತೆಗೆದೆ.
ಯಾವ ಸಾಲನ್ನೂ ಹೊಡೆದುಹಾಕಲಿಲ್ಲ.
ಕೆಂಪು ದೀಪಕ್ಕೆ ನಿಂತಾಗ, ಅದರ ಬೆಳಕಲ್ಲೇ
ತಳದಲ್ಲಿ ಉಳಿದ ಜಾಗದಲ್ಲಿ ಬರೆದೆ:
ಹೇಸರಗತ್ತೆ ನಾಲ್ಕು. ಎಂಟು ನಿಮಿಷ.
ನೀರು, ಪಕ್ಕದ ಮನೆಯದು.